ಬೆಂಚ್ ಪ್ರೆಸ್ 50 ಕೆಜಿಗೇ ನಿಂತುಬಿಟ್ಟಿದೆ, ಈ ವಯಸ್ಸಲ್ಲಿ ಹೆವಿ ಎತ್ತಬೇಕಾ?

ಪ್ರಶ್ನೆ: ಸರ್, ನನಗೆ 38 ವರ್ಷ, ತೂಕ 74 ಕೆಜಿ, ತುಮಕೂರಲ್ಲಿ ಬ್ಯಾಂಕ್ ಕೆಲಸ. ಎಂಟು ತಿಂಗಳಿಂದ ಜಿಮ್‌ಗೆ ಹೋಗ್ತಿದೀನಿ. ಬೆಂಚ್ ಮೇಲೆ ಮಲಗಿ ರಾಡ್ ಮೇಲಕ್ಕೆ ತಳ್ಳೋ ಬೆಂಚ್ ಪ್ರೆಸ್ 50 ಕೆಜಿಗೆ 8 ರೆಪ್ಸ್ (ಸತತ 8 ಸಲ) ಬರುತ್ತೆ, 55 ಹಾಕಿದ್ರೆ ನಾಲ್ಕಕ್ಕೇ ಕೈ ನಡುಗುತ್ತೆ, ಮೂರು ತಿಂಗಳಿಂದ ಅಲ್ಲೇ ಇದೀನಿ. ಟ್ರೇನರ್ ಕೇಳಿದ್ರೆ "ಈ ವಯಸ್ಸಲ್ಲಿ ಹೆವಿ ಯಾಕೆ ಸರ್, ಲೈಟ್ ಹಾಕಿ 20 ರೆಪ್ಸ್ ಹೊಡೀರಿ, ಕಟ್ಸ್ ಬರುತ್ತೆ" ಅಂತಾರೆ. ಪಕ್ಕದಲ್ಲೇ ಕಾಲೇಜ್ ಹುಡುಗ್ರು 100 ಕೆಜಿ ಎತ್ತುತ್ತಿರ್ತಾರೆ. ಭಾರ ಎತ್ತೋದ್ರಿಂದ ನಿಜವಾಗ್ಲೂ ಉಪಯೋಗ ಇದೆಯಾ ಅಥವಾ ಬರೀ ಶೋಕಿನಾ? ಬಲಗಡೆ ಭುಜದ ಮುಂಭಾಗದಲ್ಲಿ ಸ್ವಲ್ಪ ನೋವೂ ಇದೆ. ಇನ್ನೊಂದು, ಅಮ್ಮಂಗೆ 64, ಮೂಳೆ ಸವೆತ ಅಂದಿದ್ದಾರೆ, ಅವರೂ ವೇಟ್ ಎತ್ತಬಹುದಾ?

ಉತ್ತರ: ನೋಡಿ ಸರ್, ಮೊದಲು ನೇರವಾಗಿ ಹೇಳ್ಬಿಡ್ತೀನಿ, ಆಮೇಲೆ ಯಾಕೆ ಅಂತ ಬಿಡಿಸ್ತೀನಿ. ಹೆವಿ ಎತ್ತಬೇಕು. 38ಕ್ಕೂ ಎತ್ತಬೇಕು, 64ಕ್ಕೂ ಎತ್ತಬೇಕು. ಆದ್ರೆ ಹೆವಿ ಅಂದ್ರೆ ಪಕ್ಕದ ಬೆಂಚ್ ಹುಡುಗ ಹಾಕ್ಕೊಂಡಿರೋ 100 ಕೆಜಿ ಅಲ್ಲ. ಒಂದು ಸೆಟ್‌ನಲ್ಲಿ, ಅಂದ್ರೆ ನಡುವೆ ನಿಲ್ಲಿಸದೆ ಒಂದೇ ಸರತಿಯಲ್ಲಿ, ನಿಮಗೆ ಐದಾರು ರೆಪ್ಸ್ ಮಾತ್ರ ಮಾಡೋಕಾಗುತ್ತೆ, ಇನ್ನೂ ಮಾಡು ಅಂದ್ರೆ ಒಂದೋ ಎರಡೋ ಬರಬಹುದು ಅಷ್ಟೇ ಅನ್ನೋ ತೂಕ ಇದೆಯಲ್ಲ, ಅದು ನಿಮ್ಮ ಹೆವಿ. ನಿಮಗೆ ಅದು ಇವತ್ತಿನ ಲೆಕ್ಕದಲ್ಲಿ 52 ಕೆಜಿ ಹತ್ರ ಇದೆ, ನಿಮ್ಮ ಅಮ್ಮಂಗೆ ಎರಡು ಲೀಟರ್ ನೀರಿನ ಬಾಟಲ್ ಇರಬಹುದು, ಆ ಹುಡುಗಂಗೆ 100 ಇರಬಹುದು ಅಥವಾ ಅದು ಅವನ ಕೈಲಿ ಆಗದೆ ಹಿಂದೆ ನಿಂತಿರೋ ಫ್ರೆಂಡೇ ಅರ್ಧ ಎತ್ತುತ್ತಿರಬಹುದು. ಸಪೋರ್ಟ್ ಕೊಡ್ತಿರೋನು ಮಾರನೇ ದಿನ ಬೆನ್ನು ನೋವು ಅಂತಿದ್ರೆ ಆ ಬೆಂಚ್ ಪ್ರೆಸ್ ಯಾರದ್ದು ಅಂತ ನೀವೇ ಲೆಕ್ಕ ಹಾಕ್ಕೊಳ್ಳಿ.

ಈಗ ಟ್ರೇನರ್ ಮಾತಿಗೆ ಬರೋಣ, ಅವರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಸ್ನಾಯು ದಪ್ಪ ಆಗಬೇಕು ಅಷ್ಟೇ ಅಂದ್ರೆ ಲೈಟ್ ವೇಟ್‌ನಲ್ಲೂ ಆಗುತ್ತೆ, ನಿಮ್ಮ ಗರಿಷ್ಠದ 30 ಪರ್ಸೆಂಟ್ ಹಾಕ್ಕೊಂಡು ಕೈ ಸೋಲೋ ತನಕ ಹೊಡೆದ್ರೂ ಹೆವಿ ಹೊಡೆದಷ್ಟೇ ಬೆಳೆಯುತ್ತೆ ಅಂತ ಹಲವು ಅಧ್ಯಯನಗಳು ತೋರಿಸಿವೆ. ಇದರಲ್ಲಿ ಸೋಲೋ ತನಕ ಅನ್ನೋದೇ ಮುಖ್ಯ, ನಮ್ಮ ಜಿಮ್‌ಗಳಲ್ಲಿ 20 ಅಂತ ಎಣಿಸಿ ಇನ್ನೂ ಹತ್ತು ಬರೋ ಹಾಗಿದ್ರೂ ರಾಡ್ ಇಟ್ಟು ಮೊಬೈಲ್ ತಗೋತಾರಲ್ಲ, ಅದರಲ್ಲಿ ಏನೂ ಆಗಲ್ಲ. ಇನ್ನು ಕಟ್ಸ್ ಅನ್ನೋದು ರೆಪ್ಸ್‌ನಿಂದ ಬರೋದಲ್ವೇ ಅಲ್ಲ, ಸ್ನಾಯು ಮೇಲೆ ಕೂತಿರೋ ಕೊಬ್ಬು ಕರಗಿದ್ರೆ ಕಾಣೋದು, ಅದು ಊಟದ ವಿಷಯ. 20 ರೆಪ್ಸ್ ಹೊಡೆದು ಸಂಜೆ ಎರಡು ಪ್ಲೇಟ್ ಗೋಬಿ ತಿಂದ್ರೆ ಯಾವ ಕಟ್ಸೂ ಇಲ್ಲ.

ಆದ್ರೆ ಬಲ ಬೇರೆ, ಗಾತ್ರ ಬೇರೆ. ಇದೇ ವಿಷಯದ ತಿರುಳು, ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಲೈಟ್ ಗುಂಪು ಹೆವಿ ಗುಂಪು ಅಂತ ಮಾಡಿ ಹೋಲಿಸಿದಾಗ ಗಾತ್ರದಲ್ಲಿ ಹೆಚ್ಚುಕಮ್ಮಿ ಸಮ ಬಂದ್ರೂ ಬಲದಲ್ಲಿ ಹೆವಿ ಗುಂಪು ಮುಂದೆ ಹೋಗುತ್ತೆ. ಯಾಕಂದ್ರೆ ಬಲ ಅನ್ನೋದು ಸ್ನಾಯು ಮಾತ್ರ ಅಲ್ಲ, ಆ ಸ್ನಾಯುವನ್ನ ಎಬ್ಬಿಸೋ ನರದ ಕೆಲಸನೂ ಹೌದು. ಸ್ನಾಯುವಿನ ಎಳೆಗಳು ಗುಂಪು ಗುಂಪಾಗಿ ಇರ್ತವೆ, ಒಂದೊಂದು ಗುಂಪನ್ನ ಒಂದೊಂದು ನರಕೋಶ ಆಳುತ್ತೆ, ಇದಕ್ಕೆ ಮೋಟರ್ ಯೂನಿಟ್ ಅಂತ ಹೆಸರು. ಕೆಲಸ ಹಗುರ ಇದ್ದಾಗ ಸಣ್ಣ ಗುಂಪುಗಳು ಮಾತ್ರ ಎದ್ದು ಮುಗಿಸಿಬಿಡ್ತವೆ, ಭಾರ ಜಾಸ್ತಿ ಆದಂಗೆ ದೊಡ್ಡ ಗುಂಪುಗಳು ಒಂದೊಂದಾಗಿ ಸೇರ್ಕೋತವೆ. ಎಲ್ವುಡ್ ಹೆನ್ನೆಮನ್ ಅನ್ನೋ ವಿಜ್ಞಾನಿ 1950-60ರ ದಶಕದಲ್ಲೇ ಈ ಕ್ರಮ ತೋರಿಸಿಕೊಟ್ಟಿದ್ದು. ಊರಲ್ಲಿ ಎತ್ತಿನ ಗಾಡಿ ತಳ್ಳೋಕೆ ಇಬ್ಬರು ಸಾಕು, ತೇರು ಎಳೀಬೇಕು ಅಂದಾಗ ಜಗಲಿ ಮೇಲೆ ಕೂತಿದ್ದೋರೂ ಎದ್ದು ಬಂದು ಹಗ್ಗ ಹಿಡೀಬೇಕು, ಹಾಗೆ. ಲೈಟ್ ವೇಟ್‌ನಲ್ಲಿ ಆ ಜಗಲಿ ಮೇಲಿನೋರು ಕೊನೇ ಎರಡು ಮೂರು ರೆಪ್ಸ್‌ಗೆ, ಉಳಿದೋರು ಸುಸ್ತಾದ ಮೇಲೆ ಬರ್ತಾರೆ, ಹೆವಿ ವೇಟ್‌ನಲ್ಲಿ ಮೊದಲನೇ ರೆಪ್‌ಗೇ ಬರಬೇಕಾಗುತ್ತೆ. ಎಲ್ಲರೂ ಒಟ್ಟಿಗೆ, ಒಂದೇ ಸಲಕ್ಕೆ, ಜೋರಾಗಿ ಎಳೆಯೋ ಅಭ್ಯಾಸ ಆಗೋದು ಅಲ್ಲೇ.

ನೀವು ಜಿಮ್ ಸೇರಿದ ಮೊದಲ ಒಂದೆರಡು ತಿಂಗಳು ತೂಕ ಸರಸರ ಅಂತ ಏರಿರಬೇಕಲ್ಲ, ಖಾಲಿ ರಾಡ್‌ನಿಂದ 40ಕ್ಕೆ ಬಂದಿದ್ದು? ಅದು ಎದೆ ಬೆಳೆದಿದ್ದಕ್ಕಲ್ಲ, ಅಷ್ಟು ಬೇಗ ಎದೆ ಬೆಳೆಯಲ್ಲ, ನರಗಳು ಕೆಲಸ ಕಲಿತಿದ್ದಕ್ಕೆ. ಆ ಕಲಿಕೆ ಹೆವಿ ಇಲ್ಲದೆ ಮುಂದಕ್ಕೆ ಹೋಗೋದು ಕಷ್ಟ.

ಮತ್ತೆ ವಯಸ್ಸಿನ ವಿಷಯ. ಟ್ರೇನರ್ "ಈ ವಯಸ್ಸಲ್ಲಿ ಯಾಕೆ" ಅಂದಿದ್ದು ನನಗೆ ಉಲ್ಟಾ ಅನ್ಸುತ್ತೆ, ಈ ವಯಸ್ಸಿಂದ ಮುಂದೆನೇ ಬೇಕಾಗಿರೋದು. ವಯಸ್ಸಾದಂಗೆ ಸ್ನಾಯು ಕರಗುತ್ತೆ ಅಂತ ಎಲ್ಲರಿಗೂ ಗೊತ್ತು, ಆದ್ರೆ ಎಲ್ಲ ಎಳೆಗಳೂ ಒಂದೇ ಸಮ ಕರಗಲ್ಲ. ವೇಗವಾಗಿ ಜೋರಾಗಿ ಕೆಲಸ ಮಾಡೋ ಎಳೆಗಳೇ, ಅಂದ್ರೆ ಆ ದೊಡ್ಡ ಗುಂಪಿನವೇ, ಹೆಚ್ಚು ಸವೆಯೋದು, ಮತ್ತೆ ಬಲ ಕಮ್ಮಿ ಆಗೋ ವೇಗ ಗಾತ್ರ ಕಮ್ಮಿ ಆಗೋ ವೇಗಕ್ಕಿಂತ ಜಾಸ್ತಿ. ವಾಕಿಂಗ್ ಒಳ್ಳೇದೇ, ಹೃದಯಕ್ಕೆ ಶುಗರ್‌ಗೆ ಎಲ್ಲಾ ಒಳ್ಳೇದು, ಆದ್ರೆ ವಾಕಿಂಗ್ ಈ ಎಳೆಗಳನ್ನ ಕರೆಯೋದೇ ಇಲ್ಲ. ಬಾತ್‌ರೂಮಲ್ಲಿ ಕಾಲು ಜಾರಿದಾಗ ತಟ್ಟಂತ ಕೈಯೋ ಕಾಲೋ ಊರಿ ನಿಲ್ಲಿಸಬೇಕಾದ್ದು ಇವೇ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಲ್ಲೂ ವಾರಕ್ಕೆ ಕನಿಷ್ಠ ಎರಡು ದಿನ ದೇಹದ ಎಲ್ಲ ಮುಖ್ಯ ಸ್ನಾಯುಗಳಿಗೂ ಬಲದ ವ್ಯಾಯಾಮ ಬೇಕು ಅಂತ ಇದೆ, ನಮ್ಮಲ್ಲಿ ಆ ಅರ್ಧ ಯಾರೂ ಓದಲ್ಲ, ದಿನಾ ವಾಕಿಂಗ್ ಅನ್ನೋದಕ್ಕೇ ನಿಲ್ಲಿಸ್ತಾರೆ. ಶುಗರ್ ಅಂದ್ರೆ ನೆನಪಾಯ್ತು, 2023ರಲ್ಲಿ ಬಂದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನಕ್ಕೆ ಡಯಾಬಿಟಿಸ್ ಇದೆ. ಊಟ ಆದ್ಮೇಲೆ ರಕ್ತದಲ್ಲಿರೋ ಸಕ್ಕರೆಯ ದೊಡ್ಡ ಪಾಲು ಹೋಗಿ ಸೇರೋ ಜಾಗ ಸ್ನಾಯು, ಕೈಕಾಲು ಸಣ್ಣ ಹೊಟ್ಟೆ ಮಾತ್ರ ಮುಂದೆ ಅನ್ನೋ ನಮ್ಮ ಮೈಕಟ್ಟಿಗೆ ಆ ಜಾಗ ಮೊದಲೇ ಕಮ್ಮಿ.

ಭಾರ ಎತ್ತೋದು ಏನೋ ಫಾರಿನ್ ಶೋಕಿ ಅಂತ ಯಾರಾದ್ರೂ ಅಂದ್ರೆ ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ಕಳಿಸಿ, ಸಂಗ್ರಾಣಿ ಕಲ್ಲು ಎತ್ತೋದು ನೋಡ್ಕೊಂಡು ಬರ್ಲಿ. ನಮ್ಮ ಹಳಬರು ಎರಡನ್ನೂ ಇಟ್ಕೊಂಡಿದ್ರು, ಗರಡಿಮನೇಲಿ ನೂರಾರು ದಂಡ ಬಸ್ಕಿ ಹೊಡೆಯೋದೂ ಇತ್ತು, ಗುಂಡುಕಲ್ಲು ಒಂದೇ ಸಲ ಎತ್ತಿ ಹೆಗಲ ಮೇಲೆ ಹಾಕೋದೂ ಇತ್ತು.

ಸರಿ, ನಿಮ್ಮ 50 ಕೆಜಿ ಯಾಕೆ ನಿಂತಿದೆ. ನೀವು ಬರೆದಿರೋದ್ರಲ್ಲೇ ಅರ್ಧ ಉತ್ತರ ಇದೆ, 50 ಆದ್ಮೇಲೆ ನೇರ 55. ನಿಮ್ಮ ಜಿಮ್ಮಲ್ಲಿ ಚಿಕ್ಕ ಪ್ಲೇಟ್ ಅಂದ್ರೆ ಎರಡೂವರೆ ಕೆಜಿದು ಅನ್ಸುತ್ತೆ, ಆ ಕಡೆ ಒಂದು ಈ ಕಡೆ ಒಂದು ಹಾಕಿದ್ರೆ ಐದು ಕೆಜಿ ಏರ್ತು. 100 ಎತ್ತೋನಿಗೆ ಐದು ಕೆಜಿ ಅಂದ್ರೆ 5 ಪರ್ಸೆಂಟ್, ನಿಮಗೆ 10 ಪರ್ಸೆಂಟ್. ಒಂದೇ ವಾರದಲ್ಲಿ 10 ಪರ್ಸೆಂಟ್ ಬಲ ಯಾರಿಗೂ ಬರಲ್ಲ ಸರ್, ಎಂಟು ತಿಂಗಳು ಆದ್ಮೇಲಂತೂ ಇಲ್ಲವೇ ಇಲ್ಲ. ಹಾಗಾಗಿ 55 ಹಾಕ್ತೀರ, ಸೋಲ್ತೀರ, ಬೇಜಾರಾಗಿ ಮತ್ತೆ 50ಕ್ಕೆ ಬಂದು ಅದೇ ಎಂಟು ಹೊಡೀತೀರ, ಮೂರು ತಿಂಗಳು ಹೋಯ್ತು. ಒಂದೂಕಾಲು ಕೆಜಿ ಪ್ಲೇಟ್ ಒಂದು ಜೊತೆ, ಸಿಕ್ಕಿದ್ರೆ ಅರ್ಧ ಕೆಜಿದೂ ಒಂದು ಜೊತೆ, ಸ್ಪೋರ್ಟ್ಸ್ ಅಂಗಡೀಲಿ ತಗೊಂಡು ಬ್ಯಾಗಲ್ಲಿ ಇಟ್ಕೊಳ್ಳಿ, ರಾಡ್ ತುದಿ ಅಳತೆ ನೋಡ್ಕೊಂಡು ತಗೊಳ್ಳಿ, ಯಾಕಂದ್ರೆ ಸಣ್ಣ ತೂತಿನ ಪ್ಲೇಟು ದಪ್ಪ ರಾಡ್‌ಗೆ ಹೋಗಲ್ಲ. ಪ್ರೋಟೀನ್ ಡಬ್ಬಕ್ಕಿಂತ ಇದು ಒಳ್ಳೇ ಖರ್ಚು.

ಹಾಗೇ ಒಂದ್ಸಲ ಆ ರಾಡ್‌ನ ತೂಕದ ಮಷಿನ್ ಮೇಲೆ ಇಟ್ಟು ನೋಡಿ. ಸ್ಪರ್ಧೆಯಲ್ಲಿ ಬಳಸೋ ರಾಡ್ 20 ಕೆಜಿ, ಸುಮಾರು 2.2 ಮೀಟರ್ ಉದ್ದ. ಗಲ್ಲಿ ಜಿಮ್‌ಗಳಲ್ಲಿ ಇರೋದೆಲ್ಲಾ 20 ಅಂತ ನಂಬಬೇಡಿ, ಕಮ್ಮಿ ಇರೋದೇ ಜಾಸ್ತಿ ನೋಡಿದೀನಿ. ಒಂದು ದಿನ ಈ ರಾಡು ಇನ್ನೊಂದು ದಿನ ಆ ರಾಡು ಅಂತ ಹೊಡೆದ್ರೆ ನಿಮ್ಮ ಲೆಕ್ಕಾನೇ ತಪ್ಪಿರುತ್ತೆ. ಸ್ಮಿತ್ ಮಷಿನ್‌ನಲ್ಲಿ ಎತ್ತಿದ್ದನ್ನ ಇದಕ್ಕೆ ಹೋಲಿಸಲೇಬೇಡಿ, ಅಲ್ಲಿ ರಾಡ್ ಅಲ್ಲಾಡದಂಗೆ ಕಂಬಿ ಹಿಡ್ಕೊಂಡಿರುತ್ತೆ.

ಇನ್ನೊಂದು ಕಾರಣ, ಸೋಮವಾರ ಚೆಸ್ಟ್, ಮಂಗಳವಾರ ಬ್ಯಾಕ್ ಅಂತ ಎಲ್ಲರ ಥರ ಮಾಡ್ತಿದ್ರೆ ಬೆಂಚ್ ವಾರಕ್ಕೆ ಒಂದೇ ಸಲ. ಬಲ ಅನ್ನೋದು ಕಲಿಯೋ ಕೆಲಸ ಅಂದ್ನಲ್ಲ, ವಾರಕ್ಕೊಂದು ಸಲ ಕಲಿತ್ರೆ ನಿಧಾನ. ಎರಡು ಸಲ ಮಾಡಿ, ಒಂದು ದಿನ ಹೆವಿ, ಎರಡು ಮೂರು ದಿನ ಬಿಟ್ಟು ಇನ್ನೊಂದು ದಿನ ಸ್ವಲ್ಪ ಹಗುರ. ಲೆಕ್ಕ ಹೀಗೆ. 50ಕ್ಕೆ 8 ಬರುತ್ತೆ ಅಂದ್ರೆ ನಿಮ್ಮ ಒಂದೇ ರೆಪ್‌ನ ಗರಿಷ್ಠ ಸುಮಾರು 63 ಕೆಜಿ, ರೆಪ್ಸ್‌ನ 30ರಿಂದ ಭಾಗಿಸಿ ಒಂದು ಕೂಡಿಸಿ ತೂಕಕ್ಕೆ ಗುಣಿಸಿದ್ರೆ ಬರೋ ಅಂದಾಜು ಇದು, ಎಪ್ಲಿ ಸೂತ್ರ ಅಂತಾರೆ, ಹತ್ತು ರೆಪ್ಸ್ ಒಳಗೆ ಪರವಾಗಿಲ್ಲ ಅನ್ನೋಷ್ಟು ಸರಿ ಬರುತ್ತೆ. ನಿಜವಾಗ್ಲೂ 63 ಹಾಕಿ ಟೆಸ್ಟ್ ಮಾಡೋ ಅಗತ್ಯ ಇಲ್ಲ, ನೀವೇನು ಸ್ಪರ್ಧೆಗೆ ಹೋಗ್ತಿಲ್ಲ. ಹೆವಿ ದಿನ ಖಾಲಿ ರಾಡ್ 10, 35ಕ್ಕೆ 5, 45ಕ್ಕೆ 3 ಹೊಡೆದು ಮೈ ಬಿಸಿ ಮಾಡ್ಕೊಂಡು ಆಮೇಲೆ 52.5ಕ್ಕೆ ಐದೈದು ರೆಪ್ಸ್ ನಾಲ್ಕು ಸೆಟ್. ಮೊದಲನೇ ಸೆಟ್‌ನಲ್ಲಿ ಇನ್ನೂ ಎರಡು ಬರ್ತಿತ್ತು ಅನ್ನಿಸಬೇಕು, ಕೊನೇ ಸೆಟ್‌ನಲ್ಲಿ ಇನ್ನೊಂದು ಬರ್ತಿತ್ತೇನೋ ಅನ್ನಿಸಬೇಕು, ಅಷ್ಟಕ್ಕೇ ನಿಲ್ಲಿಸಿ. ನಾಲ್ಕೂ ಸೆಟ್ ಐದೈದು ಬಂದ್ರೆ ಮುಂದಿನ ವಾರ ಎರಡೂವರೆ ಏರಿಸಿ, ಅದು ನಿಂತಾಗ ಒಂದು ಕೆಜಿ ಏರಿಸಿ, ಬರ್ಲಿಲ್ಲ ಅಂದ್ರೆ ಅದೇ ತೂಕದಲ್ಲಿ ಇನ್ನೊಂದು ವಾರ ಇರಿ. ಹಗುರ ದಿನ 42.5 ಹಾಕ್ಕೊಂಡು ಎಂಟೆಂಟು ಮೂರು ಸೆಟ್, ಪ್ರತಿ ಸಲನೂ ಎದೆ ಮೇಲೆ ಒಂದು ಸೆಕೆಂಡ್ ನಿಲ್ಲಿಸಿ ಆಮೇಲೆ ತಳ್ಳಿ.

ಈ ನಿಲ್ಲಿಸೋದು ಶಿಕ್ಷೆಗಲ್ಲ. ಪವರ್‌ಲಿಫ್ಟಿಂಗ್ ಸ್ಪರ್ಧೆಯಲ್ಲಿ ರಾಡ್ ಎದೆ ಮೇಲೆ ಅಲ್ಲಾಡದೆ ನಿಂತ ಮೇಲೆನೇ ರೆಫ್ರಿ "ಪ್ರೆಸ್" ಅನ್ನೋದು, ಅಲ್ಲಿ ತನಕ ತಳ್ಳಂಗಿಲ್ಲ, ತಳ್ಳಿ ಲಾಕ್ ಮಾಡಿ ಹಿಡ್ಕೊಂಡ ಮೇಲೆ "ರ‍್ಯಾಕ್" ಅಂದ್ರೆನೇ ಇಡಬೇಕು. ಜಿಮ್ಮಲ್ಲಿ 100 ಕೆಜಿನ ಎದೆ ಮೇಲೆ ಚೆಂಡಿನ ಥರ ಪುಟಿಸೋ ಎಷ್ಟೋ ಜನಕ್ಕೆ ಈ ನಿಯಮದಲ್ಲಿ 80 ಕೂಡ ಬರಲ್ಲ.

ಹೆವಿ ಸೆಟ್ ಮಧ್ಯೆ ಮೂರು ನಿಮಿಷ ರೆಸ್ಟ್ ತಗೊಳ್ಳಿ, ಒಂದು ನಿಮಿಷಕ್ಕೇ ಮತ್ತೆ ಮಲಗಿದ್ರೆ ಎದೆಗಿಂತ ಮೊದಲು ಉಸಿರು ಸೋಲುತ್ತೆ. ಸಂಜೆ ಆರೂವರೆಗೆ ಒಂದೇ ಬೆಂಚ್‌ಗೆ ನಾಲ್ಕು ಜನ ಕಾಯ್ತಿರುವಾಗ ಮೂರು ನಿಮಿಷ ಕೂತ್ರೆ ಬೈಗುಳ ತಿನ್ನಬೇಕಾಗುತ್ತೆ, ನನಗೂ ಗೊತ್ತು. ಬ್ಯಾಂಕ್ ಕೆಲಸ ಅಂತೀರ, ಬೆಳಗ್ಗೆ ಹೋಗೋಕಾದ್ರೆ ಹೋಗಿ, ಇಲ್ಲಾಂದ್ರೆ ಅದೇ ತೂಕದೋನ ಜೊತೆ ಸರದಿ ಮೇಲೆ ಹೊಡೀರಿ, ರೆಸ್ಟೂ ಆಯ್ತು ಸಪೋರ್ಟ್‌ಗೆ ಜನಾನೂ ಸಿಕ್ಕಿದ್ರು.

ಭುಜದ ನೋವು. ಮುಂಭಾಗದಲ್ಲಿ ಅಂದ್ರಿ, ಇದು ತುಂಬಾ ಸಾಮಾನ್ಯ, ಹತ್ತರಲ್ಲಿ ಎಂಟು ಸಲ ಎತ್ತೋ ರೀತಿದೇ ತಪ್ಪಿರುತ್ತೆ ಅನ್ನೋದು ನನ್ನ ಅನುಭವ. ಮೊಬೈಲ್‌ನ ಕಾಲ ಕಡೆಯಿಂದ ಒಂದು ಪಕ್ಕದಿಂದ ಒಂದು ಇಟ್ಟು ವಿಡಿಯೋ ಮಾಡಿ ನೋಡಿ. ಮೊದಲನೇದು ಮೊಣಕೈ. ದೇಹಕ್ಕೆ ಅಡ್ಡಕ್ಕೆ ನೇರ 90 ಡಿಗ್ರಿ ಬಿಚ್ಚಿ ರಾಡ್‌ನ ಕತ್ತಿನ ಹತ್ರ ಇಳಿಸ್ತಿದ್ರೆ ಭುಜದ ಕೀಲು ಕೆಟ್ಟ ಜಾಗದಲ್ಲಿ ಸಿಕ್ಕಿಹಾಕ್ಕೊಳ್ಳುತ್ತೆ, ಅದೇ ನೋವಿಗೆ ದಾರಿ. ಮೊಣಕೈನ ಸ್ವಲ್ಪ ಒಳಗೆ ತನ್ನಿ, ಪಕ್ಕೆಗೆ 45ರಿಂದ 70 ಡಿಗ್ರಿ ಮಧ್ಯೆ ಎಲ್ಲಿ ಹಿತವೋ ಅಲ್ಲಿ, ಪೂರ್ತಿ ಪಕ್ಕೆಗೆ ಅಂಟಿಸೋದೂ ಬೇಡ. ಆಗ ರಾಡ್ ತಾನಾಗೇ ಎದೆಯ ಕೆಳಭಾಗಕ್ಕೆ, ಮೊಲೆತೊಟ್ಟಿನ ಸಾಲಿಗೆ ಅಥವಾ ಒಂದು ಬೆರಳು ಕೆಳಗೆ ಬಂದು ಮುಟ್ಟುತ್ತೆ. ಮೇಲೆ ಹೋಗುವಾಗ ನೇರ ಮೇಲಕ್ಕಲ್ಲ, ಸ್ವಲ್ಪ ಮುಖದ ಕಡೆ ಓರೆಯಾಗಿ ಹೋಗಿ ಭುಜದ ನೇರಕ್ಕೆ ನಿಲ್ಲಬೇಕು. ಲಿಫ್ಟರ್‌ಗಳ ವಿಡಿಯೋ ಪಕ್ಕದಿಂದ ನೋಡಿ, ರಾಡ್ ಹೋಗೋ ದಾರಿ ಸ್ವಲ್ಪ ಬಾಗಿರೋದು ಕಾಣುತ್ತೆ.

ಎರಡನೇದು ಹಿಂದಿನ ರೆಕ್ಕೆಮೂಳೆ. ಮಲಗಿದ ತಕ್ಷಣ ರಾಡ್ ಕಡೆ ಕೈ ಚಾಚೋಕೆ ಮೊದಲು ಎರಡೂ ರೆಕ್ಕೆಮೂಳೆ ಹಿಂದಕ್ಕೆ ಸೇರಿಸಿ ಸೊಂಟದ ಕಡೆ ಎಳ್ಕೊಳ್ಳಿ, ಬೆನ್ನ ಹಿಂದೆ ಪೆನ್ಸಿಲ್ ಇಟ್ಟು ಅದುಮಿ ಹಿಡಿದಂಗೆ, ಸೆಟ್ ಮುಗಿಯೋ ತನಕ ಬಿಡಬೇಡಿ. ಸೊಂಟದ ಹತ್ರ ಸಣ್ಣ ಕಮಾನು ಬರುತ್ತೆ, ಬರ್ಲಿ, ಅದು ಮೋಸ ಅಲ್ಲ. ತಲೆ, ಭುಜ, ಕುಂಡೆ ಬೆಂಚ್ ಮೇಲೆ ಇರಬೇಕು, ಪಾದ ನೆಲದ ಮೇಲೆ ಒತ್ತಿರಬೇಕು, ಗಾಳೀಲಿ ಕಾಲು ಎತ್ತಿ ಹೊಡೆಯೋದು ಬೇಡ. ಜನ ಕೈಚಳಕ ತೋರಿಸೋದು ರಾಡ್ ಸ್ಟ್ಯಾಂಡ್‌ನಿಂದ ತೆಗೆಯುವಾಗ, ಭುಜ ಮುಂದಕ್ಕೆ ಚಾಚಿ ರಾಡ್ ಕಿತ್ತುಕೊಂಡು ಬರ್ತಾರೆ, ಅಷ್ಟರಲ್ಲೇ ರೆಕ್ಕೆಮೂಳೆ ಬಿಟ್ಟುಹೋಗಿರುತ್ತೆ. ಹಿಂದೆ ಯಾರಾದ್ರೂ ನಿಂತು ರಾಡ್ ಎತ್ತಿ ಕೊಟ್ರೆ ಅರ್ಧ ಭುಜ ಉಳಿದಂಗೆ.

ಹಿಡಿತ ಎಷ್ಟು ಅಗಲ? ರಾಡ್ ಮೇಲೆ ಎರಡೂ ಕಡೆ ಒಂದೊಂದು ನುಣುಪು ಗೆರೆ ಇರುತ್ತಲ್ಲ, ಅವೆರಡರ ಮಧ್ಯೆ 81 ಸೆಂಟಿಮೀಟರ್, ಸ್ಪರ್ಧೆಯಲ್ಲಿ ತೋರುಬೆರಳು ಅದರಾಚೆ ಹೋಗಂಗಿಲ್ಲ. ನಿಮಗೆ ಅಷ್ಟು ಅಗಲ ಬೇಡ, ಕಿರುಬೆರಳು ಆ ಗೆರೆ ಮೇಲೆ ಅಥವಾ ಒಳಗೆ ಇರ್ಲಿ, ರಾಡ್ ಎದೆ ಮುಟ್ಟಿದಾಗ ಮುಂಗೈ ನೆಲಕ್ಕೆ ನೇರ ಕಂಬದ ಥರ ನಿಂತ್ರೆ ಅಳತೆ ಸರಿ ಇದೆ ಅಂತ. ನೋವು ಇರೋ ತನಕ ಎರಡು ಮೂರು ವಾರ ಡಂಬಲ್ ಪ್ರೆಸ್ ಮಾಡಿ, ಅಂಗೈ ಸ್ವಲ್ಪ ಒಳಗೆ ತಿರುಗಿಸ್ಕೊಂಡು, ಅಥವಾ ನೆಲದ ಮೇಲೆ ಮಲಗಿ ಮಾಡೋ ಪ್ರೆಸ್, ಅದರಲ್ಲಿ ಮೊಣಕೈ ನೆಲಕ್ಕೆ ತಾಗಿ ನಿಲ್ಲೋದ್ರಿಂದ ಭುಜ ಕೆಳಗೆ ಎಳೆಯಲ್ಲ. ಬೆಂಚ್ ಬರೋಕೂ ಮುಂಚೆ ಪೈಲ್ವಾನರು ಮಾಡ್ತಿದ್ದಿದ್ದು ಅದೇ, 1899ರಲ್ಲಿ ಜಾರ್ಜ್ ಹ್ಯಾಕೆನ್‌ಸ್ಮಿಟ್ ಅನ್ನೋ ಕುಸ್ತಿಪಟು ನೆಲದಲ್ಲಿ ಮಲಗಿ 160 ಕೆಜಿಗೂ ಮೇಲೆ ತಳ್ಳಿದ್ದ. ಮತ್ತೆ ಒಂದು ತಳ್ಳೋ ಸೆಟ್‌ಗೆ ಒಂದು ಎಳೆಯೋ ಸೆಟ್ ಕಡ್ಡಾಯ, ರೋಯಿಂಗ್ ಆಗ್ಲಿ ಪುಲ್ ಅಪ್ ಆಗ್ಲಿ. ದಿನಪೂರ್ತಿ ಕಂಪ್ಯೂಟರ್ ಮುಂದೆ ಭುಜ ಮುಂದೆ ಬಾಗಿಸ್ಕೊಂಡು ಕೂತು ಸಂಜೆ ಬರೀ ಎದೆ ಹೊಡೆದ್ರೆ ಭುಜ ಇನ್ನೇನು ಮಾಡುತ್ತೆ ಪಾಪ. ರಾತ್ರಿ ಮಲಗಿದಾಗಲೂ ನೋವು, ಕೈ ಎತ್ತೋಕೆ ಬಲ ಇಲ್ಲ, ಜೋಮು ಹಿಡಿಯುತ್ತೆ, ಅಥವಾ ಎತ್ತುವಾಗ ಏನೋ ಹರಿದಂಗಾಗಿ ಎದೆ ಕಂಕುಳ ಹತ್ರ ನೀಲಿಗಟ್ಟಿದೆ ಅಂದ್ರೆ ಜಿಮ್ ಬಿಟ್ಟು ಆರ್ಥೋ ಹತ್ರ ಹೋಗಿ. ಎದೆಯ ದೊಡ್ಡ ಸ್ನಾಯು ಹರಿಯೋ ಕೇಸ್‌ಗಳಲ್ಲಿ ಮುಖ್ಯ ಕಾರಣ ಬೆಂಚ್ ಪ್ರೆಸ್ಸೇ, ಅದೂ ರಾಡ್ ಇಳಿಸುವಾಗ.

ಇದೊಂದು ಜೋರಾಗೇ ಹೇಳ್ತೀನಿ. ಜಿಮ್‌ನಲ್ಲಿರೋ ಎಲ್ಲ ವ್ಯಾಯಾಮದಲ್ಲಿ ಭಾರ ನೇರ ಕತ್ತು ಮುಖದ ಮೇಲೆ ಇರೋ ಕೆಲವೇ ಕೆಲವುಗಳಲ್ಲಿ ಬೆಂಚ್ ಪ್ರೆಸ್ ಒಂದು, ಒಬ್ಬರೇ ಹೊಡೆಯುವಾಗ ರಾಡ್ ಕೆಳಗೆ ಸಿಕ್ಕಿ ಸತ್ತಿರೋರು ಇದಾರೆ. ಹೆಬ್ಬೆರಳು ಸುತ್ತದೆ ರಾಡ್‌ನ ಅಂಗೈ ಮೇಲೆ ಸುಮ್ನೆ ಇಟ್ಕೊಂಡು ಹೊಡೆಯೋ ಹಿಡಿತ ಇದೆಯಲ್ಲ, ಯಾರು ಎಷ್ಟೇ ಹೊಗಳಿದ್ರೂ ಬೇಡ, ಜಾರಿದ್ರೆ ನೇರ ಕತ್ತಿಗೆ. ಮನೇಲಿ ಒಬ್ಬರೇ ಹೆವಿ ಹೊಡೆಯೋದಾದ್ರೆ ಪಕ್ಕದಲ್ಲಿ ತಡೆಯೋ ಕಂಬಿ ಇರೋ ಸ್ಟ್ಯಾಂಡ್ ಇರಲೇಬೇಕು, ಕಂಬಿ ಎದೆಗಿಂತ ಸ್ವಲ್ಪ ಕೆಳಗೆ ಕತ್ತಿಗಿಂತ ಮೇಲೆ ಬರೋ ಎತ್ತರಕ್ಕೆ ಹಾಕಿ. ಅದೂ ಇಲ್ಲ ಅಂದ್ರೆ ಪ್ಲೇಟ್ ಜಾರದಂಗೆ ಹಾಕೋ ಕ್ಲಿಪ್ ಹಾಕಬೇಡಿ, ಸಿಕ್ಕಿಹಾಕ್ಕೊಂಡ್ರೆ ಒಂದು ಕಡೆ ವಾಲಿಸಿ ಪ್ಲೇಟ್ ಬೀಳಿಸಿ ಪಾರಾಗಬಹುದು. ನೆಲ ಒಡೀಲಿ ಬಿಡಿ.

ಉಸಿರು ಮತ್ತೆ ಬಿಪಿ ಬಗ್ಗೆ. ಹೆವಿ ಎತ್ತುವಾಗ ಉಸಿರು ತುಂಬಿ ಹೊಟ್ಟೆ ಬಿಗಿ ಹಿಡ್ಕೊಂಡೇ ರಾಡ್ ಇಳಿಸ್ತೀವಿ, ಕಷ್ಟದ ಜಾಗ ದಾಟಿದ ಮೇಲೆ ಬಿಡ್ತೀವಿ. ಆ ಕ್ಷಣಕ್ಕೆ ಬಿಪಿ ಭಯಂಕರ ಏರುತ್ತೆ. 1985ರ ಒಂದು ಅಧ್ಯಯನದಲ್ಲಿ ಬಾಡಿ ಬಿಲ್ಡರ್‌ಗಳ ಧಮನಿಯೊಳಗೇ ಅಳತೆ ಇಟ್ಟು ಲೆಗ್ ಪ್ರೆಸ್ ಮಾಡಿಸಿದಾಗ ಒಬ್ಬರಿಗೆ 480/350 ತನಕ ಹೋಗಿತ್ತು. ಆರೋಗ್ಯವಂತರಿಗೆ ಇದು ಕೆಲವೇ ಸೆಕೆಂಡ್, ರಾಡ್ ಇಟ್ಟ ತಕ್ಷಣ ಇಳಿಯುತ್ತೆ. ಆದ್ರೆ ಬಿಪಿ ಹತೋಟಿಯಲ್ಲಿ ಇಲ್ಲದೋರು, ಹೃದಯದ ತೊಂದರೆ ಇರೋರು, ಕಣ್ಣಿನ ಹಿಂಪದರದ ಸಮಸ್ಯೆ ಇರೋರು ಡಾಕ್ಟ್ರು ಒಪ್ಪದೆ ಹೆವಿ ಮುಟ್ಟಬಾರದು. ನೀವು 38, ಕೂತು ಮಾಡೋ ಕೆಲಸ, ಬಿಪಿ ನೋಡಿಸಿ ಎಷ್ಟು ದಿನ ಆಯ್ತು? ಈ ವಾರ ನೋಡಿಸ್ಬಿಡಿ.

ಊಟ ಜಾಸ್ತಿ ಬೆಳೆಸಲ್ಲ. ಐಸಿಎಂಆರ್ ಸಾಮಾನ್ಯರಿಗೆ ಹೇಳೋ ಪ್ರೋಟೀನ್ ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ, ಭಾರ ಎತ್ತೋರಿಗೆ 1.6 ಗ್ರಾಂ ತನಕ ಉಪಯೋಗ, ಅಂದ್ರೆ ನಿಮಗೆ 110-120 ಗ್ರಾಂ. ಒಂದು ಮೊಟ್ಟೇಲಿ 6, ನೂರು ಗ್ರಾಂ ಹಸಿ ತೊಗರಿಬೇಳೇಲಿ 22, ನೂರು ಗ್ರಾಂ ಸೋಯಾ ಚಂಕ್ಸ್‌ನಲ್ಲಿ 50 ದಾಟುತ್ತೆ, ರಾಗಿಹಿಟ್ಟಲ್ಲಿ 7 ಅಷ್ಟೇ, ಹಾಗಾಗಿ ಮುದ್ದೆ ತಿಂದ್ರೆ ಪೈಲ್ವಾನ್ ಆಗ್ತಾರೆ ಅನ್ನೋದು ಮುದ್ದೆ ಜೊತೆ ಹುರುಳಿ ಸಾರೋ ಕೋಳಿ ಸಾರೋ ಇದ್ರೆ ಮಾತ್ರ ನಿಜ. ಪೌಡರ್‌ಗಳಲ್ಲಿ ಕ್ರಿಯಾಟಿನ್ ಮೊನೊಹೈಡ್ರೇಟ್ ದಿನಕ್ಕೆ 3ರಿಂದ 5 ಗ್ರಾಂ ಬಲಕ್ಕೆ ಕೆಲಸ ಮಾಡುತ್ತೆ ಅನ್ನೋದಕ್ಕೆ ಗಟ್ಟಿ ಆಧಾರ ಇದೆ, ಕಿಡ್ನಿ ತೊಂದರೆ ಇದ್ರೆ ಬೇಡ. "ಕೋರ್ಸ್ ಹಾಕೋಣ ಸರ್" ಅಂತ ಯಾರಾದ್ರೂ ಸ್ಟೆರಾಯ್ಡ್ ಇಂಜೆಕ್ಷನ್ ವಿಷಯ ತೆಗೆದ್ರೆ ಆ ಜಿಮ್ ಬಿಡಿ.

ಬೆಂಚ್ ಪ್ರೆಸ್‌ಗೆ ಇಷ್ಟು ಬರೆದು ಈಗ ಅದರ ಬೆಲೆ ಸ್ವಲ್ಪ ಇಳಿಸ್ತೀನಿ, ಯಾಕಂದ್ರೆ ನಮ್ಮಲ್ಲಿ ಬಲ ಅಂದ್ರೆ ಬೆಂಚ್ ಎಷ್ಟು ಅನ್ನೋದೊಂದೇ ಪ್ರಶ್ನೆ ಆಗ್ಬಿಟ್ಟಿದೆ. ಪವರ್‌ಲಿಫ್ಟಿಂಗ್‌ನಲ್ಲಿ ಸ್ಕ್ವಾಟ್ (ಹೆಗಲ ಮೇಲೆ ಭಾರ ಇಟ್ಕೊಂಡು ಕೂತು ಏಳೋದು), ಬೆಂಚ್, ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತಿ ನೆಟ್ಟಗೆ ನಿಲ್ಲೋದು) ಮೂರು ಇದೆ, ಮೂರರಲ್ಲಿ ಚಿಕ್ಕ ತೂಕ ಸಾಮಾನ್ಯವಾಗಿ ಬೆಂಚ್‌ದೇ. ಒಲಿಂಪಿಕ್ಸ್ ವೇಟ್‌ಲಿಫ್ಟಿಂಗ್‌ನಲ್ಲಂತೂ ಅದು ಇಲ್ಲವೇ ಇಲ್ಲ, ನಮ್ಮ ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರಲ್ಲಿ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್‌ನಲ್ಲಿ ಬೆಳ್ಳಿ, 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಂಚು ತಂದಿದ್ದು ನೆಲದಿಂದ ತಲೆ ಮೇಲಕ್ಕೆ ಎತ್ತಿ. ಬೆಂಚ್ ಒಂದೇ ಇಡೀ ಆಟ ಆಗಿರೋದು ಅಂಗವಿಕಲರ ಪ್ಯಾರಾ ಪವರ್‌ಲಿಫ್ಟಿಂಗ್‌ನಲ್ಲಿ, ಕಾಲು ನೆಲಕ್ಕೆ ಊರೋ ಹಾಗಿಲ್ಲ, ಬೆಂಚ್ ಮೇಲೇ ಚಾಚಿ ಮಲಗಿ ಬರೀ ಮೈಯ ಮೇಲ್ಭಾಗದ ಬಲದಲ್ಲಿ ತಳ್ಳಬೇಕು. ಇರಾನ್‌ನ ಸಿಯಾಮಂದ್ ರಹಮಾನ್ 2016ರ ರಿಯೋ ಪ್ಯಾರಾಲಿಂಪಿಕ್ಸ್‌ನಲ್ಲಿ ಹಾಗೆ ಮಲಗಿ 310 ಕೆಜಿ ಎತ್ತಿದ್ರು. ನಮ್ಮ ದೇಶದ ಸುಧೀರ್ 2022ರ ಬರ್ಮಿಂಗ್‌ಹ್ಯಾಮ್‌ನಲ್ಲಿ 212 ಕೆಜಿ ಎತ್ತಿ ಚಿನ್ನ ಗೆದ್ರು, ಅದಕ್ಕೂ ಎಷ್ಟೋ ವರ್ಷ ಮೊದಲಿಂದ ಬೆಂಗಳೂರಿನ ಫರ್ಮಾನ್ ಬಾಷಾ ಈ ಆಟದಲ್ಲಿ ದೇಶಕ್ಕೆ ಆಡಿದಾರೆ. ಬೆಂಚ್ ಪ್ರೆಸ್ ನಿಜವಾಗ್ಲೂ ಏನು ಅಂತ ನೋಡಬೇಕಾದ್ರೆ ಇವರ ವಿಡಿಯೋ ನೋಡಿ, 400-500 ಕೆಜಿ ಅಂತ ಓಡಾಡೋ ವಿಡಿಯೋಗಳಲ್ಲಿ ಅರ್ಧ ಕೆಲಸ ಮೈಗೆ ಬಿಗಿದಿರೋ ದಪ್ಪ ಬೆಂಚ್ ಶರ್ಟ್‌ದು. ಶರ್ಟ್ ಇಲ್ಲದೆ ಅಮೆರಿಕದ ಜೂಲಿಯಸ್ ಮ್ಯಾಡಾಕ್ಸ್ 2021ರಲ್ಲಿ ಎತ್ತಿದ್ದು 355.

ಕೈಕಾಲು ಸರಿ ಇರೋ ನಾವು ಬರೀ ಬೆಂಚ್‌ಗೆ ನಿಂತ್ರೆ ನಷ್ಟ ನಮಗೇ, ಯಾಕಂದ್ರೆ ಮಲಗಿ ಎತ್ತಿದ ಭಾರ ಬೆನ್ನುಮೂಳೆ ಮೂಲಕವೂ ಹೋಗಲ್ಲ, ಸೊಂಟದ ಕೀಲಿನ ಮೂಲಕವೂ ಹೋಗಲ್ಲ, ಆ ಎರಡು ಜಾಗದ ಮೂಳೆನೇ ವಯಸ್ಸಾದ್ಮೇಲೆ ಮುರಿಯೋದು. ಇಲ್ಲಿಂದ ನಿಮ್ಮ ಅಮ್ಮನ ವಿಷಯಕ್ಕೆ ಬರ್ತೀನಿ. ಮೂಳೆ ತನ್ನ ಮೇಲೆ ಬೀಳೋ ಭಾರ ನೋಡ್ಕೊಂಡು ಗಟ್ಟಿ ಆಗುತ್ತೆ, ಹಗುರ ಭಾರಕ್ಕೆ ಅದು ತಲೆ ಕೆಡಿಸ್ಕೊಳ್ಳಲ್ಲ. ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದೋರು ಲಿಫ್ಟ್‌ಮೋರ್ ಅಂತ ಒಂದು ಪ್ರಯೋಗ ಮಾಡಿದ್ರು, 2018ರಲ್ಲಿ ಪ್ರಕಟ ಆಯ್ತು. ಮುಟ್ಟು ನಿಂತ, ಮೂಳೆ ಸಾಂದ್ರತೆ ಕಮ್ಮಿ ಇರೋ 101 ಹೆಂಗಸರು, ಸರಾಸರಿ ವಯಸ್ಸು 65. ಒಂದು ಗುಂಪಿಗೆ ಮನೇಲಿ ಹಗುರ ವ್ಯಾಯಾಮ, ಇನ್ನೊಂದು ಗುಂಪಿಗೆ ವಾರಕ್ಕೆ ಎರಡು ದಿನ ಅರ್ಧರ್ಧ ಗಂಟೆ ಡೆಡ್‌ಲಿಫ್ಟ್, ಸ್ಕ್ವಾಟ್, ನಿಂತು ತಲೆ ಮೇಲಕ್ಕೆ ತಳ್ಳೋ ಪ್ರೆಸ್, ಅದೂ ಐದೈದು ಸೆಟ್ ಐದೈದು ರೆಪ್ಸ್, ಅವರವರ ಗರಿಷ್ಠದ 85 ಪರ್ಸೆಂಟ್‌ಗೂ ಮೇಲೆ, ಜೊತೆಗೆ ಜಿಗಿದು ಇಳಿಯೋದು. ಎಂಟು ತಿಂಗಳಲ್ಲಿ ಹೆವಿ ಗುಂಪಿನೋರ ಸೊಂಟದ ಬೆನ್ನುಮೂಳೆ ಸಾಂದ್ರತೆ 2.9 ಪರ್ಸೆಂಟ್ ಏರ್ತು, ಹಗುರ ಗುಂಪಿನೋರದ್ದು 1.2 ಇಳೀತು. ಪಟ್ಟಿಯಲ್ಲಿ ಬೆಂಚ್ ಪ್ರೆಸ್ ಇರಲಿಲ್ಲ, ಗಮನಿಸಿ. ಅದಕ್ಕೂ ಮೊದಲು 1990ರಲ್ಲಿ ಅಮೆರಿಕದ ಒಂದು ವೃದ್ಧಾಶ್ರಮದಲ್ಲಿ 86ರಿಂದ 96 ವರ್ಷದ ಹತ್ತು ಜನಕ್ಕೆ ಎಂಟು ವಾರ ಕಾಲಿನ ಬಲದ ತರಬೇತಿ ಕೊಟ್ಟಾಗ ಬಲ ಸರಾಸರಿ 174 ಪರ್ಸೆಂಟ್ ಏರಿತ್ತು. 64 ಅನ್ನೋದು ಅವರ ಮುಂದೆ ಎಳೇ ವಯಸ್ಸು.

ಹಾಗಂತ ನಾಳೆನೇ ಅಮ್ಮನ ಕೈಗೆ ರಾಡ್ ಕೊಡಬೇಡಿ. ಲಿಫ್ಟ್‌ಮೋರ್‌ನಲ್ಲಿ ಪಕ್ಕದಲ್ಲೇ ತಜ್ಞರು ನಿಂತಿದ್ರು, ಮೊದಲ ತಿಂಗಳು ಹಗುರ ತೂಕದಲ್ಲಿ ಬರೀ ರೀತಿ ಕಲಿಸಿದ್ರು. ಮೊದಲು ಡಾಕ್ಟ್ರು ಹೇಳಿದ ಸವೆತ ಯಾವುದು ಅಂತ ನೋಡ್ಕೊಳ್ಳಿ, ಮಂಡಿ ಕೀಲಿಂದಾ ಅಥವಾ ಮೂಳೆ ಎಷ್ಟು ಗಟ್ಟಿ ಅಂತ ಅಳೆಯೋ ಡೆಕ್ಸಾ ಸ್ಕ್ಯಾನ್‌ನಲ್ಲಿ ಬಂದ ಸಾಂದ್ರತೆದಾ, ಎರಡನ್ನೂ ಜನ ಒಂದೇ ಥರ ಹೇಳ್ತಾರೆ. ಡೆಕ್ಸಾ ಮಾಡಿಸಿಲ್ಲ ಅಂದ್ರೆ ಮಾಡಿಸಿ, ಅದರಲ್ಲಿ ಬರೋ ಟಿ ಸ್ಕೋರ್ (ಮೂಳೆ ಸಾಂದ್ರತೆಯ ಅಂಕ) ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಇದ್ರೆ ಮಾತ್ರೆ ವಿಷಯಾನೂ ಡಾಕ್ಟ್ರ ಹತ್ರ ಮಾತಾಡಬೇಕಾಗುತ್ತೆ, ವ್ಯಾಯಾಮ ಮಾತ್ರೆಗೆ ಬದಲಿ ಅಲ್ಲ. ಬಿಪಿ ಹತೋಟಿಯಲ್ಲಿದ್ರೆ ಮನೇಲೇ ಶುರು ಮಾಡಿಸಿ, ಕುರ್ಚಿಯಿಂದ ಕೈ ಊರದೆ ಎದ್ದು ಕೂರೋದು, ಗೋಡೆಗೆ ಕೈ ಕೊಟ್ಟು ತಳ್ಳೋದು, ಎತ್ತರದ ಮಣೆ ಮೇಲಿಂದ ಬೆನ್ನು ನೇರ ಇಟ್ಕೊಂಡು ನೀರಿನ ಕ್ಯಾನ್ ಎತ್ತೋದು, ಎಲ್ಲಾ ಎಂಟೆಂಟು ಸಲ ವಾರಕ್ಕೆ ಎರಡು ದಿನ. ಸುಲಭ ಅನ್ನಿಸಿದ ದಿನ ಕುರ್ಚಿ ಸ್ವಲ್ಪ ತಗ್ಗಿಸಿ, ಕ್ಯಾನಿಗೆ ಇನ್ನೊಂದು ಲೀಟರ್ ಸೇರಿಸಿ. ರಿಪೋರ್ಟ್‌ನಲ್ಲಿ ಬೆನ್ನುಮೂಳೆ ಕುಸಿದಿದೆ ಅಥವಾ ಮುರಿತ ಇದೆ ಅಂತ ಎಲ್ಲಾದ್ರೂ ಬರೆದಿದ್ರೆ ಆ ಕ್ಯಾನ್ ಎತ್ತೋದು ಬಿಟ್ಟು ಉಳಿದಿದ್ದನ್ನೂ ಫಿಸಿಯೋಥೆರಪಿಸ್ಟ್ ಮುಂದೆನೇ ಮಾಡಿಸಿ, ಮುಂದಕ್ಕೆ ಬಗ್ಗಿಸೋ ಯಾವ ವ್ಯಾಯಾಮನೂ ಬೇಡ.